ಗುಂಡಿ ಹಾಕ್ಕೊಂಡೆ, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಇವತ್ತು ಬೆಳಿಗ್ಗೆ ಅಂಗಿಯ ಏಳೂ ಗುಂಡಿಗಳನ್ನು ನಾನೇ ಹಾಕಿಕೊಂಡೆ. ಬಲಗೈಯಲ್ಲಿ. ಹತ್ತು ನಿಮಿಷ ಹಿಡಿಯಿತು, ಇರಲಿ.

ಸಣ್ಣ ಸ್ಟ್ರೋಕ್ ಆಗಿ ಇವತ್ತಿಗೆ ಒಂದು ವರ್ಷ. ಅವತ್ತು ಕಾಫಿ ಲೋಟ ಕೈಯಿಂದ ಜಾರಿದ್ದು ಗೊತ್ತಾಗಿದ್ದೇ ಅದು ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. 'ಮಿದುಳಿಗೆ ಕೊಬ್ಬು ಬೇಕು, ಕೊಲೆಸ್ಟ್ರಾಲ್ ಇಳಿಸಿದರೆ ಮರೆವು ಬರುತ್ತೆ' ಅನ್ನೋ ವಾಟ್ಸಾಪ್ ಮೆಸೇಜ್ ನಂಬಿ ಆರು ತಿಂಗಳು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಟ್ಟಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಬಿಪಿ ಮಾತ್ರೆಯೂ ನೆನಪಾದಾಗ ಮಾತ್ರ.

ಡಾಕ್ಟರಮ್ಮ ಬೈಯಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಎಂಆರ್‌ಐ ಫಿಲ್ಮನ್ನು ಲೈಟಿಗೆ ಹಿಡಿದು ತೋರಿಸಿದರು. ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು, ಮಿದುಳಿಗೆ ಪೆಟ್ಟಾದ ಜಾಗಗಳು. "ಇದೊಂದು ಹೊಸದು. ಮಿಕ್ಕಿದ್ದೆಲ್ಲ ಹಳೇವು, ನಿಮಗೆ ಗೊತ್ತಾಗಿಲ್ಲ ಅಷ್ಟೇ" ಅಂದರು. ಚೀಟಿಯ ಹಿಂದೆ ಒಂದು ವೈರ್ ಬರೆದರು. ಮಿದುಳಿನ ಬಿಳಿ ಭಾಗ ಅಂದರೆ ಇಂಥ ವೈರುಗಳ ಕಟ್ಟು. ವೈರಿನ ಮೇಲಿನ ಹೊದಿಕೆ ಮಯಲಿನ್. ಅದಕ್ಕೆ ಕೊಲೆಸ್ಟ್ರಾಲ್ ಬೇಕೇ ಬೇಕು. ಮಿದುಳು ನಮ್ಮ ತೂಕದ 2% ಅಷ್ಟೇ, ಆದರೆ ಮೈಯಲ್ಲಿರುವ ಕೊಲೆಸ್ಟ್ರಾಲಿನ ಸುಮಾರು ಐದನೇ ಒಂದು ಪಾಲು ಅಲ್ಲೇ ಇದೆಯಂತೆ. ಮೆಸೇಜಿನಲ್ಲಿ ಅಷ್ಟು ಮಾತ್ರ ನಿಜ. ಆದರೆ ತನಗೆ ಬೇಕಾದ್ದನ್ನು ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿರೋದು ಒಳಗೆ ದಾಟೋದೇ ಇಲ್ಲ ಅನ್ನಬಹುದು. ಅಂದರೆ ನಮ್ಮ ದಾವಣಗೆರೆ ಬೆಣ್ಣೆ ದೋಸೆ ನನ್ನ ಬುದ್ಧಿಗೆ ಸೇರಲಿಲ್ಲ, ರಕ್ತನಾಳದ ಗೋಡೆಗೆ ಸೇರಿತು!

"ಹಾಗಾದ್ರೆ ಈ ಚುಕ್ಕೆಗಳೆಲ್ಲ ಕೊಲೆಸ್ಟ್ರಾಲಿಂದಾನಾ?" ಅಂತ ಕೇಳಿದೆ. ಹೂಂ ಅಂದುಬಿಡಬಹುದಿತ್ತು, ಅನ್ನಲಿಲ್ಲ. ವಯಸ್ಸು, ಬಿಪಿಯ ಪಾಲೇ ಜಾಸ್ತಿ, ಕೊಲೆಸ್ಟ್ರಾಲಿನ ಪಾಲು ಎಷ್ಟು ಅಂತ ಸಂಶೋಧನೆಗಳು ಒಂದೇ ಮಾತು ಹೇಳುತ್ತಿಲ್ಲ, ಆದರೆ ಇನ್ನೊಂದು ಸ್ಟ್ರೋಕ್ ತಪ್ಪಿಸಬೇಕಾದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯಲೇಬೇಕು ಅಂದರು. ಹೀಗೆ ಬಿಚ್ಚಿ ಹೇಳಿದ್ದಕ್ಕೇ ನಂಬಿದೆ. ಅವತ್ತು 168 ಇದ್ದ ಎಲ್‌ಡಿಎಲ್ ಈಗ 66. ಡಾಕ್ಟರಮ್ಮ, ನಿಮಗೆ ಕೈ ಮುಗಿದೆ. ಎರಡೂ ಕೈ!

ಅಕ್ಕಿಯಲ್ಲಿ ಕಡಲೆಕಾಳು ಬೆರೆಸಿ ಒಂದೊಂದಾಗಿ ಆರಿಸಲು ಕೂರಿಸಿದ ಫಿಸಿಯೋ ಹುಡುಗ, ನಿನ್ನನ್ನು ಮನಸ್ಸಲ್ಲೇ ಎಷ್ಟು ಬೈದಿದ್ದೇನೋ. ಕ್ಷಮಿಸಪ್ಪ. ಬಾಡಿಗೆ ಮಾತಾಡದೆ ಆಸ್ಪತ್ರೆಗೆ ಹಾರಿಸಿಕೊಂಡು ಹೋದ ಆಟೋದವರಿಗೂ ನಮಸ್ಕಾರ.

ನನ್ನ ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ನಗುತ್ತಾಳೆ. ರಾತ್ರಿ ಮಾತ್ರೆ ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು, ಈಗಲೂ.

ಆ ಮೆಸೇಜನ್ನು ನಾನೂ ಐದು ಜನಕ್ಕೆ ಕಳಿಸಿದ್ದೆ. ನಾಲ್ವರಿಗೆ ಫೋನ್ ಮಾಡಿ ಹೇಳಿದ್ದೇನೆ. ಒಬ್ಬರು ಎತ್ತುತ್ತಿಲ್ಲ. ಅಣ್ಣಾ, ಇದನ್ನು ಓದಿದರೆ ಒಂದು ಫೋನ್ ಮಾಡಿ.