ಬೆಲೆ ಬರೆಯುತ್ತೀರಿ, ಶಿಕ್ಷೆಯನ್ನೂ ಬರೆಯಿರಿ

ಸಂಪಾದಕರೇ,

ಬ್ಯಾಂಕಾಕ್‌ನಿಂದ ಬಂದವರ ಬ್ಯಾಗಿನಲ್ಲಿ ಹೈಡ್ರೋ ಗಾಂಜಾ (ಮಣ್ಣಿಲ್ಲದೆ, ಗೊಬ್ಬರ ಬೆರೆಸಿದ ನೀರಿನಲ್ಲಿ ಬೆಳೆದ ಗಾಂಜಾ) ಸಿಕ್ಕಿತು ಅನ್ನೋ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೇಲಿಂದ ಮೇಲೆ ಬರುತ್ತಿದೆ. ಎಷ್ಟು ಕೆಜಿ, ಎಷ್ಟು ಕೋಟಿ ಅನ್ನೋದು ಯಾವಾಗಲೂ ದಪ್ಪ ಅಕ್ಷರದಲ್ಲಿರುತ್ತದೆ. ಎಷ್ಟು ವರ್ಷ ಜೈಲು ಅನ್ನೋದು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಓದಿದ ಹುಡುಗರ ತಲೆಯಲ್ಲಿ ಕೋಟಿ ಉಳಿಯುತ್ತದೆ, ಅಷ್ಟೇ.

ನಾನು ಯಲಹಂಕದ ಕಡೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವವನು. ಲೆಟಿಸ್, ಬೇಸಿಲ್, ಪಾಕ್ ಚಾಯ್ ಬೆಳೆದು ಹೋಟೆಲ್‌ಗಳಿಗೆ ಕೊಡುತ್ತೇನೆ. ನೋಡಲು ಕಾಲೇಜು ಹುಡುಗರೂ ಬರುತ್ತಾರೆ. ಪೈಪಿನ ತೂತಿನಿಂದ ಜಾಲರಿ ಕಪ್ ಎತ್ತಿ, ಕೆಳಗೆ ಇಳಿಬಿದ್ದ ಬಿಳಿ ಬೇರು ತೋರಿಸಿದರೆ ಫೋನ್ ತೆಗೆದು ಫೋಟೊ ಹೊಡೆದುಕೊಳ್ಳುತ್ತಾರೆ. ಅವರಲ್ಲಿ ಯಾರಾದರೊಬ್ಬ ಹೊರಡುವಾಗ ನಗುತ್ತಾ ಕೇಳುತ್ತಾನೆ, ‘ಅಂಕಲ್, ಇದರಲ್ಲಿ ಆ ಗಿಡಾನೂ ಬರುತ್ತಲ್ವಾ?’ ಬೈದರೆ, ‘ಮಾರೋಕಲ್ಲ ಅಂಕಲ್, ನಮ್ಮ ಮಟ್ಟಿಗೆ ನಾಲ್ಕು ಗಿಡ. ಅಷ್ಟಕ್ಕೆಲ್ಲ ಕೇಸ್ ಹಾಕ್ತಾರಾ?’ ಅನ್ನುತ್ತಾನೆ.

ಹಾಕುತ್ತಾರೆ. ಕಾನೂನು ಈ ಹುಡುಗರು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಗಾಂಜಾ ಸೇದಿದ್ದಕ್ಕೆ ಹೆಚ್ಚೆಂದರೆ 6 ತಿಂಗಳು ಜೈಲು. 1 ಕೆಜಿವರೆಗೆ, ಅಂದರೆ ಕಾನೂನಿನ ಲೆಕ್ಕದ ‘ಕಡಿಮೆ ಪ್ರಮಾಣ’ ಇಟ್ಟುಕೊಂಡರೆ 1 ವರ್ಷದವರೆಗೆ. ಆದರೆ ಗಿಡ ಬೆಳೆದರೆ 20(ಎ) ಕಲಮಿನಡಿ 10 ವರ್ಷದವರೆಗೆ ಕಠಿಣ ಸಜೆ, ಜೊತೆಗೆ 1 ಲಕ್ಷ ರೂಪಾಯಿವರೆಗೆ ದಂಡ. ಆ ಕಲಮಿನಲ್ಲಿ ‘ಕಡಿಮೆ ಪ್ರಮಾಣ’ ಅನ್ನೋ ರಿಯಾಯಿತಿಯೇ ಇಲ್ಲ. ಹೊಲದಲ್ಲಿ ಜೋಳದ ಸಾಲಿನ ನಡುವೆ ಬೆಳೆದರೂ ಅದೇ, ಫ್ಲ್ಯಾಟಿನ ಬೆಡ್‌ರೂಮಿನಲ್ಲಿ ಎಲ್‌ಇಡಿ ದೀಪದ ಕೆಳಗೆ ಬೆಳೆದರೂ ಅದೇ. ಹೆದರಿ ಬೀದಿಯಲ್ಲಿ ಕೊಳ್ಳದವನು, ‘ಸೇಫ್’ ಅಂದುಕೊಂಡು ಮನೆಯಲ್ಲಿ ಬೆಳೆದು ಹತ್ತು ಪಟ್ಟು ದೊಡ್ಡ ಕೇಸಿಗೆ ಕುತ್ತಿಗೆ ಕೊಡುತ್ತಾನೆ. 2023ರಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಮನೆಯೊಳಗೆ ಗಾಂಜಾ ಬೆಳೆದ ಕೇಸಿನಲ್ಲಿ ಸಿಕ್ಕಿಬಿದ್ದವರು ವೈದ್ಯಕೀಯ ವಿದ್ಯಾರ್ಥಿಗಳು. ಓದು ಬರಹ ಇಲ್ಲದವರೇನಲ್ಲ.

ಥಾಯ್ಲೆಂಡ್ ಪ್ರವಾಸ ಮುಗಿಸಿ ಬಂದವರದ್ದು ಇನ್ನೊಂದು ವಾದ: ‘ಅಲ್ಲಿ ಅಂಗಡಿಯಲ್ಲೇ ಸಿಗುತ್ತೆ.’ ಅಲ್ಲಿ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದಿದ್ದು ನಿಜ. 2025ರ ಜೂನ್‌ನಲ್ಲಿ ಅವರೇ ಗಾಂಜಾ ಹೂವಿಗೆ ವೈದ್ಯರ ಚೀಟಿ ಬೇಕು ಅಂತ ಮಾಡಿದರು. ಈ ಎರಡನೇ ಸುದ್ದಿ ನಮ್ಮ ಹುಡುಗರಿಗೆ ತಲುಪಿದಂತೆ ಕಾಣೆ.

ಮನೆ ಮಾಲೀಕರಿಗೂ ಒಂದು ಮಾತು. ಬಾಡಿಗೆದಾರ ಬೆಳೆಯುತ್ತಿದ್ದಾನೆ ಅಂತ ಗೊತ್ತಿದ್ದೂ ಬಿಟ್ಟರೆ, 25ನೇ ಕಲಮಿನಡಿ ಮಾಲೀಕನಿಗೂ ಅದೇ ಶಿಕ್ಷೆ. ಹಾಗಂತ ದೀಪ, ಫ್ಯಾನು, ಪೈಪು ಕಂಡ ಕೂಡಲೇ ಪೊಲೀಸರಿಗೆ ಫೋನ್ ಮಾಡಬೇಡಿ. ಅವೆಲ್ಲ ನನ್ನ ಹತ್ತಿರವೂ ಇವೆ! ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೇ ಮಣ್ಣಿಲ್ಲದೆ, ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ವಿಧಾನ ರೂಪಿಸಿದ್ದಾರೆ. ಸೊಪ್ಪು ಬೆಳೆಯುವವನು ಬಾಗಿಲು ತೆಗೆದು ನಿಮ್ಮನ್ನು ಒಳಗೆ ಕರೆದು, ಬೇಡ ಅಂದರೂ ಒಂದು ಕಟ್ಟು ಕೈಗೆ ಕೊಟ್ಟು ಕಳಿಸುತ್ತಾನೆ.

‘ನೀರಿನಲ್ಲಿ ಬೆಳೆದದ್ದು, ಅದಕ್ಕೇ ಅಮಲು ಜಾಸ್ತಿ’ ಅಂತ ಬರೆಯುವುದನ್ನೂ ದಯವಿಟ್ಟು ಬಿಡಿ. ಅಮಲು ಮುಖ್ಯವಾಗಿ ತಳಿಯ ಗುಣ. ಸುಮ್ನೆ ಕುತೂಹಲ ಕೆರಳಿಸುವ ಮಾತು ಅದು, ಮಾರುವವನಿಗೆ ಪುಕ್ಕಟೆ ಜಾಹೀರಾತು.

ನನ್ನ ಕೋರಿಕೆ ಸಣ್ಣದು. ಇಂಥ ಪ್ರತಿ ಸುದ್ದಿಯ ಕೆಳಗೆ ಒಂದು ಚಿಕ್ಕ ಬಾಕ್ಸ್ ಹಾಕಿ: ಸೇದಿದರೆ ಎಷ್ಟು, ಇಟ್ಟುಕೊಂಡರೆ ಎಷ್ಟು, ಬೆಳೆದರೆ ಎಷ್ಟು. ಅದರಲ್ಲೇ 64ಎ ಕಲಮನ್ನೂ ಸೇರಿಸಿ. ಸೇವನೆಯ ಅಥವಾ ಕಡಿಮೆ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಕೇಸಿನಿಂದ ಪಾರಾಗಲು ಕಾನೂನು ಅವನಿಗೊಂದು ದಾರಿ ಬಿಟ್ಟಿದೆ. ನಿಮ್ಹಾನ್ಸ್‌ನಲ್ಲಿ ಅದಕ್ಕೇ ಒಂದು ವಿಭಾಗವೂ ಇದೆ. ಇದು ಎಷ್ಟು ಅಪ್ಪ ಅಮ್ಮಂದಿರಿಗೆ ಗೊತ್ತು? ಕೋಟಿ ಲೆಕ್ಕಕ್ಕೆ ಕೊಡುವ ಜಾಗದಲ್ಲಿ ಕಾಲು ಭಾಗ ಇದಕ್ಕೆ ಸಾಕು.

— ಸೊಪ್ಪು ಬೆಳೆಗಾರ, ಯಲಹಂಕ, ಬೆಂಗಳೂರು