ನಾಲ್ಕು ಮನೆ ಶ್ರುತಿಯ ಋಣ

ಕಳೆದ ಭಾನುವಾರ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ಏಳು ತಿಂಗಳ ಮೇಲೆ ಒಂದು ಪದ ಎತ್ತಿಕೊಟ್ಟೆ. ಪಲ್ಲವಿ ಮುಗಿಯುವ ಮೊದಲೇ ಕಣ್ಣು ತುಂಬಿ, ಅಲ್ಲಿ ಯಾರಿಗೂ ಏನೂ ಹೇಳಲಾಗಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ನಮ್ಮದು ಭಜನಾ ಮಂಡಳಿಯಲ್ಲ. ಹೆಸರಿಲ್ಲ, ಬ್ಯಾನರಿಲ್ಲ, ಮೈಕಿಲ್ಲ. ಹಾಸನದಿಂದ ಬೇಲೂರು ಬಸ್ಸು ಹಿಡಿದು ತಿರುವಿನಲ್ಲಿ ಇಳಿದು ಬರುವ ಐದಾರು ಮಂದಿ, ಊರಿನ ಏಳೆಂಟು ಮಂದಿ, ಒಂದು ಶ್ರುತಿಪೆಟ್ಟಿಗೆ, ಎರಡು ಜೊತೆ ತಾಳ. ನಾನು ಒಂದು ಸಾಲು ಹೇಳುವುದು, ಉಳಿದವರು ಹಿಂದೆ ಹೇಳುವುದು. ದಾಸರ ಪದವಾದರೂ ಸರಿ, ವಚನವಾದರೂ ಸರಿ. ಲಕ್ಷ್ಮಿ, ಕಾಳಿ, ಶಿವ, ವಿಷ್ಣು ಎಂದು ನಾಲ್ಕು ಗರ್ಭಗುಡಿಗಳಿರುವ ಕಡೆ ಯಾರ ಹಾಡಿಗೆ ಯಾರು ಬೇಡ ಎನ್ನುತ್ತಾರೆ? ಕಾಳಿಯ ಬಾಗಿಲಲ್ಲಿ ಎಲುಬು ಬಿಟ್ಟುಕೊಂಡು ನಿಂತ ಬೇತಾಳಗಳ ಎದುರೇ ಮಕ್ಕಳು ತಾಳ ಹಾಕುತ್ತಾರೆ. 1114ರ ಸುಮಾರಿಗೆ ಇದನ್ನು ಕಟ್ಟಿಸಿದ ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿಗೆ ಮೊದಲ ನಮಸ್ಕಾರ. ಕಲ್ಲಿನ ಮಂಟಪದಲ್ಲಿ ದನಿ ಹೊರಟಮೇಲೂ ತುಸು ಹೊತ್ತು ನಿಲ್ಲುತ್ತದೆ. ಬಿರುಸಾಗಿ ಹಾಡಿದರೆ ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುತ್ತದೆ. ನಿಧಾನಿಸಿದರೆ ಒರಟು ಗಂಟಲೂ ಹದವಾಗಿ ಕೇಳುತ್ತದೆ. ನನ್ನ ಅವಸರವನ್ನು ಅಷ್ಟಿಷ್ಟು ತಿದ್ದಿದ್ದು ಆ ಕಂಬಗಳೇ.

ಧ್ವನಿತಂತುವಿನ ಮೇಲೆ ಗಂಟು ಎಂದಾಗ ಶಸ್ತ್ರಚಿಕಿತ್ಸೆಯಾಯಿತು. ಎರಡು ವಾರ ಪೂರ್ತಿ ಮೌನ. ಪಿಸುಮಾತೂ ಕೂಡದು, ಅದೂ ಗಂಟಲಿಗೆ ಆಯಾಸವೇ ಎಂದರು ವೈದ್ಯರು. ಆಮೇಲೂ ತಿಂಗಳುಗಟ್ಟಲೆ ಹಾಡುವಂತಿರಲಿಲ್ಲ. ನಾನಿಲ್ಲದೆ ಭಾನುವಾರ ನಡೆಯದು ಎಂದುಕೊಂಡೆ. ನಿಜ ಹೇಳಬೇಕೆಂದರೆ, ನಡೆಯಬಾರದು ಎಂದೂ ಒಳಗೊಳಗೆ ಇತ್ತು.

ನಡೆಯಿತು. ಮುಂದೆ ಕುಳಿತು ಎಲ್ಲರಿಗಿಂತ ಗಟ್ಟಿಯಾಗಿ, ಶ್ರುತಿಯ ಗೊಡವೆಯಿಲ್ಲದೆ ಹಾಡುವ ಊರಿನ ಅಜ್ಜಿಯೊಬ್ಬರು ಪದ ಎತ್ತಿಕೊಡತೊಡಗಿದರು. ಕೊರಳಿಗೆ ಸ್ಲೇಟು ನೇತುಹಾಕಿಕೊಂಡು ಹೋದ ನನ್ನ ಕೈಗೆ ತಾಳ ಕೊಟ್ಟು, "ಟೀಚರಮ್ಮ, ನೀವು ಇದನ್ನು ಹಾಕಿ, ಸಾಕು" ಎಂದರು. ಪೆಟ್ಟಿಗೆ ಚೀಲದಲ್ಲೇ ಉಳಿಯಿತು. ಅಜ್ಜಿಯ ದಪ್ಪ ದನಿ ಎಲ್ಲಿ ಕುಳಿತಿತೋ ಅದೇ ಶ್ರುತಿ. ಎರಡು ವರ್ಷ ಬರೀ ತುಟಿ ಆಡಿಸುತ್ತಿದ್ದ ಹಿಂದಿನ ಸಾಲಿನ ಗಂಡಸರು ಅಂದು ಬಾಯ್ತುಂಬ ಹಾಡಿದರು! ಅವರಿಗೆ ಭಕ್ತಿ ಕಡಿಮೆ ಎಂದು ನಾನು ತೀರ್ಮಾನಿಸಿದ್ದೆ. ಶ್ರುತಿಯ ಎತ್ತರವನ್ನು ಮನೆಗಳಲ್ಲಿ ಎಣಿಸುತ್ತೇವೆ, ಮನೆ ಹೆಚ್ಚಿದಷ್ಟೂ ಶ್ರುತಿ ಏರುತ್ತದೆ. ನನ್ನ ಅನುಕೂಲಕ್ಕೆ ಐದು ಮನೆಗೆ ಇಟ್ಟಿದ್ದ ಶ್ರುತಿ ಅವರಿಗೆ ಎಟುಕುತ್ತಿರಲಿಲ್ಲ, ಅಷ್ಟೆ.

ಈಗ ನನ್ನ ದನಿಯೂ ನಾಲ್ಕಕ್ಕೆ ಇಳಿದಿದೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ.

ದನಿಯನ್ನು ಮಗುವಿನಂತೆ ನಡೆಸಿ ಕಲಿಸಿದ ಚಿಕಿತ್ಸಕಿಗೆ, ಸ್ಲೇಟು ನೋಡಿಯೇ ಟಿಕೆಟ್ ಹರಿದುಕೊಟ್ಟ ಕಂಡಕ್ಟರಿಗೆ, ಪ್ರತಿ ವಾರ ಬಾಗಿಲ ಬಳಿ ನಿಂತು ಕೇಳುವ ಕಾವಲುಗಾರರಿಗೆ, ಹೇಗಿದ್ದೀರಿ ಎಂದು ಕೇಳಿ ನನ್ನಿಂದ ಮಾತು ಹೊರಡಿಸದೆ ಬರೀ ನಕ್ಕು ಜಾಗ ಬಿಟ್ಟುಕೊಟ್ಟ ಎಲ್ಲರಿಗೂ ಕೈಮುಗಿಯುತ್ತೇನೆ.

ಅಜ್ಜಿಗೆ ಮಾತ್ರ ಅಂದೇ ಕಾಲು ಮುಟ್ಟಿ ನಮಸ್ಕರಿಸಿದೆ. ತಲೆ ಸವರಿ ಹೇಳಿದರು: "ಗಂಟಲು ಸರಿಯಾಯಿತಲ್ಲ, ಬಿಡಿ. ಇನ್ನು ಮೊದಲಿನ ಹಾಗೆ ನನ್ನ ಕಡೆ ಕಣ್ಣು ಬಿಡಬೇಡಿ."