"ಇಡ್ಲಾ?" ಅಂದಮೇಲೂ ಮಾತಾಡಿದವರಿಗೆ

ಹೋದ ಗುರುವಾರ ವೈವಾ ಮುಗಿಯಿತು. ಏಳು ವರ್ಷ, ಮೂರು ಬಾಡಿಗೆ ಮನೆ, ಕೈಕೊಟ್ಟ ಒಂದು ಹಾರ್ಡ್‌ಡಿಸ್ಕ್, ಆಮೇಲೆ ಈ ಡಾಕ್ಟರೇಟು. ತಿಪಟೂರಿನ ನಮ್ಮ ಚಿಕ್ಕಪ್ಪ ಆಗಲೇ "ಜ್ವರಕ್ಕೆ ಮಾತ್ರೆ ಕೊಡದ ಡಾಕ್ಟ್ರು" ಅಂತ ಹೆಸರಿಟ್ಟಾಗಿದೆ.

ಪ್ರಬಂಧದಲ್ಲಿ ಕೃತಜ್ಞತೆಯ ಪುಟ ಇದ್ದೇ ಇದೆ. ಅದನ್ನು ಬರೆಯುವಾಗ ನನಗೆ ನಗು ಬಂದಿತ್ತು, ಯಾಕೆಂದರೆ ಅಂಥ ಪುಟಗಳನ್ನೇ ಮುಂದಿಟ್ಟುಕೊಂಡು ಅಧ್ಯಯನ ಮಾಡಿದವರಿದ್ದಾರೆ. ಕೆನ್ ಹೈಲ್ಯಾಂಡ್ ಅನ್ನುವ ವಿದ್ವಾಂಸರು ಹಾಂಗ್‌ಕಾಂಗ್ ವಿದ್ಯಾರ್ಥಿಗಳ 240 ಪ್ರಬಂಧಗಳ ಕೃತಜ್ಞತೆಗಳನ್ನು ಓದಿ, 2004ರಲ್ಲಿ ಅವುಗಳ ಅಚ್ಚನ್ನು ಬಿಡಿಸಿಟ್ಟರು. ಮೊದಲು ಕಳೆದ ವರ್ಷಗಳ ಮೇಲೊಂದು ನೋಟ, ನಡುವೆ ವಂದನೆಗಳ ಸಾಲು, ಕೊನೆಗೆ ತಪ್ಪುಗಳೆಲ್ಲ ನನ್ನವೇ ಅನ್ನುವ ಒಪ್ಪಿಗೆ, ಇಲ್ಲವೇ ಅರ್ಪಣೆ. ನನ್ನ ಪುಟವೂ ಅದೇ ಅಚ್ಚಿಗೆ ಎರಕ ಹೊಯ್ದಂತಿತ್ತು. ಅದರಲ್ಲಿ ಹಿಡಿಯದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಓದಿದ್ದು ಫೋನ್ ಇಡುವುದರ ಬಗ್ಗೆ. ಮದುವೆ ಮನೆಗಳಲ್ಲಿ "ಏನ್ ಓದ್ತಿದ್ದೀಯಮ್ಮ?" ಅಂತ ಕೇಳಿದವರಿಗೆ ಮೊದಲೆರಡು ವರ್ಷ ನಿಜ ಹೇಳಿದೆ. ಆಮೇಲೆ "ಭಾಷಾಶಾಸ್ತ್ರ" ಅಂದು ಪಾಯಸದ ಕಡೆ ತಿರುಗುತ್ತಿದ್ದೆ. ಆದರೆ ವಿಷಯ ಅಷ್ಟು ಸಣ್ಣದಲ್ಲ. ಕೈಯಲ್ಲಿರುವ ಫೋನನ್ನು ಯಾರು ಬೇಕಾದರೂ ಯಾವ ಕ್ಷಣದಲ್ಲಾದರೂ ಕಟ್ ಮಾಡಬಹುದು. ಜಗಳವಾಡಿದ ದಿನ ಬಿಟ್ಟರೆ ಯಾರೂ ಹಾಗೆ ಮಾಡುವುದಿಲ್ಲ. ಇಬ್ಬರೂ ಸೇರಿ ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಬರಬೇಕು. ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರ ತಮ್ಮ ಲೇಖನದಲ್ಲಿ ತೋರಿಸಿದ್ದು ಇದನ್ನೇ. ವಿದಾಯಕ್ಕೆ ಮುಂಚೆ ಒಬ್ಬರು "ಓಕೆ", "ವೆಲ್" ಅಂತ ದನಿ ಇಳಿಸಿ, ಹೊಸದೇನೂ ಹೇಳದೆ ತಮ್ಮ ಸರದಿಯನ್ನು ಬಿಟ್ಟುಕೊಡುತ್ತಾರೆ. ಇನ್ನೊಬ್ಬರೂ ಬಿಟ್ಟುಕೊಟ್ಟರೆ ಕರೆ ಮುಗಿಯುವ ದಾರಿ ಹಿಡಿಯುತ್ತದೆ. ಆದರೆ ಅಲ್ಲಿಯವರೆಗೆ ಬಾಯಿಗೆ ಬರದೆ ಉಳಿದ ಮಾತನ್ನು ಎತ್ತುವುದಕ್ಕೂ ಅದೇ ಜಾಗ. ನಮ್ಮಲ್ಲಿ ಈ ಕೆಲಸಕ್ಕೆ "ಸರಿ ಹಂಗಾದ್ರೆ" ಇದೆ, "ಮತ್ತೆ?" ಇದೆ, "ಇನ್ನೇನ್ ಸಮಾಚಾರ?" ಇದೆ, ಕೊನೆಗೆ "ಇಡ್ಲಾ?" ಇದೆ. ಈ "ಇಡ್ಲಾ" ನನಗೆ ಬಲು ಇಷ್ಟ. ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನದೆ "ಬರ್ತೀನಿ" ಅನ್ನುವ ಜನ, ಫೋನ್ ಇಡುವುದಕ್ಕೂ ಅಪ್ಪಣೆ ಕೇಳುತ್ತಾರೆ.

ಹಾಗಾಗಿ ಮೊದಲ ನಮಸ್ಕಾರ, ಕರೆಗಳನ್ನು ರೆಕಾರ್ಡ್ ಮಾಡಲು ಒಪ್ಪಿದ ನೆಂಟರಿಗೆ, ಅವರ ಕಡೆಯವರಿಗೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಎಲ್ಲರೂ ಕೇಳಿದ್ದು ಒಂದೇ: "ನಮ್ ಮಾತಲ್ಲಿ ಅಂಥದ್ದೇನೈತೆ?" ಕೊಬ್ಬರಿ ರೇಟು, ಮೂರು ದಿನಕ್ಕೊಮ್ಮೆ ಬಿಡುವ ನೀರು, ಯಾರದೋ ಮುರಿದ ನಿಶ್ಚಿತಾರ್ಥ, ಎಲ್ಲ ನನ್ನ ಹೆಡ್‌ಫೋನಿಗೆ ಬಂತು. ಮೊದಲ ವರ್ಷದ ರೆಕಾರ್ಡಿಂಗುಗಳು ಹಾರ್ಡ್‌ಡಿಸ್ಕ್ ಜೊತೆಗೇ ಹೋದಾಗ (ಬ್ಯಾಕಪ್ ಇಟ್ಟಿರಲಿಲ್ಲ, ಬೈಯೋಣವೆಂದರೆ ನನ್ನನ್ನು ಬಿಟ್ಟು ಯಾರೂ ಇಲ್ಲ) ಮತ್ತೆ ಅವರ ಬಾಗಿಲಿಗೇ ಹೋದೆ. ಅರಸೀಕೆರೆಯ ದೊಡ್ಡಮ್ಮ "ಆಡಿದ್ದನ್ನೇ ತಿರುಗ ಆಡ್ಬೇಕೇನೇ?" ಅಂತ ಗಾಬರಿಯಾದರು. ಬೇಡ ದೊಡ್ಡಮ್ಮ, ಹೊಸದು ಆಡಿ ಅಂದೆ. "ಅದಕ್ಕೇನ್ ಬರ" ಅಂದರು. ಬರ ಇರಲಿಲ್ಲ.

ಎರಡನೆಯದು ಅಜ್ಜಿಗೆ. ಅವಳು ಹೋಗಿ ಹದಿನೈದು ವರ್ಷ. ಮಾತಿನ ನಡುವೆ ಬರುವ "ಹೂಂ" ಬಗ್ಗೆ ಶೆಗ್ಲಾಫ್ 1982ರಲ್ಲಿ ಒಂದು ಲೇಖನ ಬರೆದರು. ಕೇಳುವವರು ಸುಮ್ಮನೆ ಶಬ್ದ ಮಾಡುತ್ತಿಲ್ಲ, ನನ್ನ ಸರದಿ ಈಗ ಬೇಡ, ನೀನೇ ಮುಂದುವರಿಸು ಅನ್ನುತ್ತಿದ್ದಾರೆ, ಉದ್ದ ಮಾತು ಇಬ್ಬರೂ ಸೇರಿ ಕಟ್ಟಿದ್ದು ಅನ್ನುವುದು ಅವರ ವಾದ. ಹಾಸ್ಟೆಲಿನಲ್ಲಿ ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹೂಂಗುಟ್ಟುವುದು ಅಂತ ನಮಗೊಂದು ಕ್ರಿಯಾಪದವೇ ಇದೆಯಲ್ಲ! "ಹೂಂ ಅನ್ನು, ಇಲ್ದಿದ್ರೆ ಕತೆ ಹೇಳಕ್ಕಿಲ್ಲ" ಅಂತ ಅಜ್ಜಿ ಮೊದಲೇ ಕರಾರು ಮಾಡಿಸಿಕೊಳ್ಳುತ್ತಿದ್ದಳು. ನಿದ್ದೆಗಣ್ಣಲ್ಲಿ ಅಡ್ಡಾದಿಡ್ಡಿ ಹೂಂ ಅಂದರೆ ತಕ್ಷಣ ಸಿಕ್ಕಿಬೀಳುತ್ತಿದ್ದೆ: "ಎಲ್ಲಿ, ರಾಕ್ಷಸ ಏನಂದ ಹೇಳು?"

ಮೂರನೆಯದು, ನಾನು ಕಣ್ಣಾರೆ ಕಾಣದ ಗೇಲ್ ಜೆಫರ್ಸನ್ ಅವರಿಗೆ. ಮಾತನ್ನು ಕಾಗದಕ್ಕೆ ಇಳಿಸುವ ಚಿಹ್ನೆಗಳನ್ನು ರೂಪಿಸಿದವರು ಅವರು. ಇಬ್ಬರ ಮಾತು ಒಂದರ ಮೇಲೊಂದು ಬಿದ್ದ ಕಡೆ ಚೌಕ ಕಂಸ, ಎಳೆದ ಸ್ವರಕ್ಕೆ ಎರಡು ಚುಕ್ಕಿ, ಮೌನಕ್ಕೆ ಸೆಕೆಂಡಿನ ಹತ್ತನೇ ಒಂದರ ಲೆಕ್ಕ. ಸ್ಯಾಕ್ಸ್ 1960ರ ದಶಕದಲ್ಲಿ ಲಾಸ್ ಏಂಜಲೀಸಿನ ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬರುತ್ತಿದ್ದ ಕರೆಗಳನ್ನು ಕೇಳುತ್ತಾ, ಮಾತುಕತೆಯನ್ನೇ ಅಧ್ಯಯನ ಮಾಡುವ ಈ ದಾರಿ ಹಿಡಿದರು. ಅಲ್ಲಿ ಒಬ್ಬ, ಸಿಬ್ಬಂದಿ ತಮ್ಮ ಹೆಸರು ಹೇಳಿದ ಕೂಡಲೇ "ಕೇಳಿಸ್ತಿಲ್ಲ" ಅನ್ನುತ್ತಾನೆ. ಹಾಗೆ ಅಂದದ್ದರಿಂದ, ತನ್ನ ಹೆಸರು ಹೇಳಬೇಕಾದ ಸರದಿಯೇ ಅವನಿಗೆ ತಪ್ಪಿಹೋಗುತ್ತದೆ. ಸ್ಯಾಕ್ಸ್ 1975ರಲ್ಲಿ, ನಲವತ್ತರ ವಯಸ್ಸಿಗೇ, ಕಾರು ಅಪಘಾತದಲ್ಲಿ ತೀರಿಕೊಂಡರು. ಅವರ ಉಪನ್ಯಾಸಗಳು 1992ರಲ್ಲಿ ಪುಸ್ತಕವಾಗಿ ಬಂದವು. ಟೇಪಿನಿಂದ ಅವನ್ನೆಲ್ಲ ಬರಹಕ್ಕಿಳಿಸಿದ್ದು ಜೆಫರ್ಸನ್. ನಮ್ಮ ಕ್ಷೇತ್ರದಲ್ಲಿ ಸಿದ್ಧಾಂತ ಹೇಳಿದವರಿಗೆ ಸಿಕ್ಕಷ್ಟು ಗೌರವ ಕಿವಿಗೆ ಹೆಡ್‌ಫೋನ್ ಹಾಕಿ ಕೂತವರಿಗೆ ಸಿಕ್ಕಿಲ್ಲ. ಇದು ನನ್ನ ಪಕ್ಷಪಾತದ ಮಾತು ಅಂದುಕೊಂಡರೂ ಸರಿಯೇ.

ಈಗ ಅಮ್ಮ.

ನನ್ನ ಮತ್ತು ಅಮ್ಮನ ಕರೆಗಳೂ ಸಂಗ್ರಹದಲ್ಲಿದ್ದವು. ಮನೆಯದ್ದೇ ಅಲ್ಲವಾ ಅಂತ ಕೊನೆಗಿಟ್ಟಿದ್ದೆ. ನಾಲ್ಕು ತಿಂಗಳ ಹಿಂದಿನ ಒಂದು ಕರೆ ಬರೆದುಕೊಳ್ಳಲು ಕೂತೆ. ಹನ್ನೊಂದು ನಿಮಿಷ, ಮುಕ್ಕಾಲು ಪಾಲು ತೋಟದ ವಿಷಯ. ಕೊನೆ ಹೀಗಿದೆ:

ಅಮ್ಮ: ಸರಿ ಹಂಗಾದ್ರೆ.
(0.6)
ನಾನು: ಹೂಂ. ಇಡ್ಲಾ?
(1.4)
ಅಮ್ಮ: ಇಡು ಇಡು. ಏನಿಲ್ಲಾ:: ಈ ಬಲಗಣ್ಣು ಒಸಿ [ಮಂಜ್
ನಾನು: [ಹೂಂ ಸರಿ ಕಣಮ್ಮ ಇಡ್ತೀನಿ.

ಜೆಫರ್ಸನ್ 1989ರಲ್ಲಿ ಬರೆದದ್ದು ನನಗೆ ಬಾಯಿಪಾಠ ಇತ್ತು. ಮಾತಿನ ನಡುವಿನ ಮೌನ ಹೆಚ್ಚುಕಡಿಮೆ ಒಂದು ಸೆಕೆಂಡಿಗೆ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಯಾರಾದರೂ ಬಾಯಿ ತೆರೆಯುತ್ತಾರೆ. ಇಲ್ಲಿ ಅಮ್ಮ ಅದನ್ನೂ ದಾಟಿ ಕಾದಿದ್ದಳು. "ಏನಿಲ್ಲ" ಅಂತ ಶುರು ಮಾಡಿದ್ದಳು, ಏನೋ ಇದ್ದಾಗ ನಾವೆಲ್ಲ ಹಾಗೇ ಅಲ್ಲವೇ ಶುರು ಮಾಡುವುದು. ಇದನ್ನೆಲ್ಲ ಬೇರೆಯವರ ಕರೆಗಳಲ್ಲಿ ಹೆಕ್ಕಿ, ಕೋಷ್ಟಕ ಹಾಕಿ, ಎರಡು ಸೆಮಿನಾರಿನಲ್ಲಿ ಓದಿ ಬಂದವಳು, "ಮಂಜ್" ಅನ್ನುವ ಪದ ಪೂರ್ತಿಯಾಗುವ ಮೊದಲೇ ಅದರ ಮೇಲೆ ಮಾತು ಹೇರಿ ಫೋನ್ ಇಟ್ಟಿದ್ದೆ.

ಮಾರನೇ ದಿನ ಬೆಳಗಿನ ರೈಲಿಗೆ ತಿಪಟೂರಿಗೆ ಹೋದೆ. ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಪಕ್ಕದ ಮನೆ ಹುಡುಗಿಗೆ ಬಿಟ್ಟಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿನದು ಚೆನ್ನಾಗಿ ಬಲಿತಿತ್ತು. ಆಪರೇಷನ್ ಆಯಿತು, ಈಗ ಪಂಚಾಂಗದ ಸಣ್ಣಕ್ಷರ ಕೂಡ ಓದುತ್ತಾಳೆ. "ಫೋನಲ್ಲೇ ಹೇಳಿದ್ನಲ್ಲ" ಅಂತ ಅವಳು ಅಂದದ್ದು ಒಂದೇ ಸಲ. ಆ ನಾಲ್ಕು ಸಾಲು ಪ್ರಬಂಧದ ಐದನೇ ಅಧ್ಯಾಯದಲ್ಲಿವೆ, "ಮಗಳು" ಅನ್ನುವ ಹೆಸರಿನಲ್ಲಿ. ವೈವಾದಲ್ಲಿ ಪರೀಕ್ಷಕರು ಅದನ್ನೇ ಎತ್ತಿಕೊಂಡು "ಈ ಮಗಳು ಯಾಕಿಷ್ಟು ಅವಸರ ಮಾಡಿದಳು?" ಅಂತ ಕೇಳಿದರು. ಒಪ್ಪಿಕೊಂಡೆ ಸರ್, ನಾನೇ ಅಂದೆ.

ಇನ್ನು ಉಳಿದವರು. ಅಲಂಕಾರಶಾಸ್ತ್ರ, ಅರಿಸ್ಟಾಟಲ್ ಅಂತ ನಾನು ಸೇರಿಸಿದ್ದ ಅರವತ್ತು ಪುಟಗಳನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದ ನನ್ನ ಗೈಡ್ ಮೇಡಂಗೆ: ಆಗ ಬಂದ ಸಿಟ್ಟು ಈಗಿಲ್ಲ. ಶಿಷ್ಯವೇತನ ನಿಂತ ತಿಂಗಳುಗಳಲ್ಲಿ ಬಾಡಿಗೆ ಕೇಳದ ಮನೆಯ ಓನರ್ ಆಂಟಿಗೆ. ರಾತ್ರಿ ಎರಡು ಗಂಟೆಗೆ "ಇದು 0.3ನಾ 0.4ನಾ ಕೇಳೇ" ಅಂದರೆ ಎದ್ದು ಕೇಳಿ ಹೇಳಿದ ರೂಮ್‌ಮೇಟ್‌ಗೆ.

ಕರೆ ಕೊಟ್ಟವರು ಗಮನಿಸಿ. ಒಪ್ಪಿಗೆ ಪತ್ರದಲ್ಲಿ ಬರೆದಂತೆ ರೆಕಾರ್ಡಿಂಗುಗಳನ್ನು ಈ ತಿಂಗಳ ಕೊನೆಗೆ ಅಳಿಸುತ್ತೇನೆ. ನಿಮ್ಮ ದನಿ ನಿಮಗೆ ಬೇಕಿದ್ದರೆ ಮುಂಚೆಯೇ ಹೇಳಿ. ದೊಡ್ಡಮ್ಮ ಆಗಲೇ ಕೇಳಿದ್ದಾರೆ. ದೊಡ್ಡಪ್ಪ ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಮಾಡಿದ ಕರೆ ಒಂದಿದೆ, ಆರು ನಿಮಿಷದ್ದು, ಬೋರ್‌ವೆಲ್ ಮೋಟಾರು ಸುಟ್ಟ ವಿಷಯ. ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ, ಶನಿವಾರ ಅರಸೀಕೆರೆಗೆ ಒಯ್ಯುತ್ತೇನೆ.